ಪಿಕೆಜಿ ಬಿಎಲ್‌ಆರ್: 480 ರೂಪಾಯಿ ಮರುಪಾವತಿ ಮತ್ತು ಹೆಸರಿನ ತಿದ್ದುಪಡಿ ಕೋರಿ ದೂರು

ಹಾಸನ
10 ಜೂನ್ 2025

ಇಂದ
ಗೊಬ್ಬರ ಮತ್ತು ಬಿತ್ತನೆ ಬೀಜದ ವ್ಯಾಪಾರಿ,
ಸಂತೇಪೇಟೆ, ಹಾಸನ
(ಹೆಸರು, ವಾಹನ ಸಂಖ್ಯೆ, ಖಾತೆಯ ವಿವರ ಲಗತ್ತಿನಲ್ಲಿವೆ)

ಗೆ
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ,
ವಾಹನ ನಿಲುಗಡೆ ನಿರ್ವಹಣಾ ಸಂಸ್ಥೆ, ಬೆಂಗಳೂರು

ಪ್ರತಿ: ಶಾಖಾ ವ್ಯವಸ್ಥಾಪಕರು, ನನ್ನ ಉಳಿತಾಯ ಖಾತೆ ಇರುವ ಬ್ಯಾಂಕು, ಹಾಸನ

ವಿಷಯ: ಫಾಸ್ಟ್ಯಾಗ್ ಮೂಲಕ ಹೆಚ್ಚುವರಿಯಾಗಿ ಕಡಿತವಾದ ನಿಲುಗಡೆ ಶುಲ್ಕ ಮತ್ತು ಪಾಸ್‌ಬುಕ್ಕಿನಲ್ಲಿ ಮುದ್ರಣವಾಗುವ ನಿಮ್ಮ ಹೆಸರು

ಮಾನ್ಯರೇ,

ಮೇ 6ರ ಮಂಗಳವಾರ ರಾತ್ರಿ ನನ್ನ ಕಾರು ಒಂದೇ ಹೊತ್ತಿಗೆ ಎರಡು ಊರುಗಳಲ್ಲಿ ಇತ್ತೆಂದು ದಾಖಲೆಗಳು ಹೇಳುತ್ತಿವೆ. ನಿಮ್ಮ ಲೆಕ್ಕದಂತೆ ಅದು ಅಂದು ಮಧ್ಯಾಹ್ನ 2.10ಕ್ಕೆ ಬೆಂಗಳೂರಿನ ನಿಮ್ಮ ಬಹುಮಹಡಿ ಕಟ್ಟಡದೊಳಗೆ ಹೋಗಿ ಮರುದಿನ ಬೆಳಿಗ್ಗೆ 8.04ಕ್ಕೆ ಹೊರಬಂದಿದೆ. ಗಂಟೆಗೆ 30 ರೂಪಾಯಿಯಂತೆ 18 ಗಂಟೆಗೆ 540 ರೂಪಾಯಿ. ಆದರೆ ಅದೇ ಕಾರಿನ ಅದೇ ಫಾಸ್ಟ್ಯಾಗ್‌ನಿಂದ ಅದೇ ರಾತ್ರಿ 8.06ಕ್ಕೆ ಶಾಂತಿಗ್ರಾಮದ ಟೋಲ್‌ನಲ್ಲಿ ಸುಂಕ ಕಡಿತವಾಗಿದೆ. ಶಾಂತಿಗ್ರಾಮ ಎಂದರೆ ನಮ್ಮ ಹಾಸನದ ಹೊಸ್ತಿಲು. ಅಲ್ಲಿಂದ ಮನೆಗೆ ಬಂದು, ಊಟ ಮಾಡಿ, ಕಾರಿಗೆ ಹೊದಿಕೆ ಹಾಕಿ ಮಲಗಿದವನು ನಾನು. ನನ್ನ ಕಾರಿಗೆ ತಾನೇ ಎದ್ದು ಬೆಂಗಳೂರಿಗೆ ಹೋಗಿಬರುವ ಅಭ್ಯಾಸವಿಲ್ಲ.

ಆ ಮಧ್ಯಾಹ್ನ ಏನಾಯಿತು ಎಂಬುದು ನನಗೆ ಚೆನ್ನಾಗಿ ನೆನಪಿದೆ. ಬೆಳಿಗ್ಗೆ ನನ್ನ ಹೆಂಡತಿಯ ಕಣ್ಣಿನ ತಪಾಸಣೆ ಮುಗಿಸಿ, ಸಿಂಪರಣಾ ಪಂಪಿನ ಬಿಡಿಭಾಗ ಕೊಳ್ಳಲು ಪೇಟೆಯ ಕಡೆ ಬಂದು ನಿಮ್ಮ ಕಟ್ಟಡದಲ್ಲಿ ಕಾರು ನಿಲ್ಲಿಸಿದೆವು. ಹತ್ತು ನಿಮಿಷ ಕಡಿಮೆ ನಾಲ್ಕಕ್ಕೆ ಹೊರಡುವಾಗ ಗೇಟಿನ ಅಡ್ಡಕಂಬ ಏಳಲಿಲ್ಲ. ಕೆಂಪು ದೀಪ ಹಾಗೇ ಉರಿಯುತ್ತಿತ್ತು. ನಾನು ಕಾರನ್ನು ಎರಡು ಸಲ ಹಿಂದಕ್ಕೆ ತಂದು ಮುಂದಕ್ಕೆ ಬಿಟ್ಟೆ. ಯಂತ್ರ ಟ್ಯಾಗನ್ನು ಓದಲಿಲ್ಲ. ಹಿಂದೆ ಆರೇಳು ಗಾಡಿಗಳ ಹಾರ್ನು. ಪಕ್ಕದಲ್ಲಿ ಕಣ್ಣಿಗೆ ಔಷಧ ಬಿಟ್ಟಿಸಿಕೊಂಡು ಬೆಳಕು ತಾಳಲಾರದೆ ಸೆರಗಿನಿಂದ ಮುಖ ಮುಚ್ಚಿಕೊಂಡು ಕುಳಿತ ಹೆಂಡತಿ. ಕೊನೆಗೆ ನಿಮ್ಮ ಹುಡುಗನೊಬ್ಬ ಓಡಿಬಂದು, ಕಂಬದ ಬುಡದಲ್ಲಿ ಏನನ್ನೋ ಸಡಿಲಿಸಿ, ಅದನ್ನು ಭುಜದ ಮೇಲೆ ಎತ್ತಿ ಹಿಡಿದು, "ಹೋಗಿ ಸರ್, ದುಡ್ಡು ತಾನೇ ಕಟ್ ಆಗುತ್ತದೆ" ಎಂದ. ಪಾಪ, ಅವನ ಮೇಲೆ ನನ್ನ ದೂರಿಲ್ಲ. ಅವನು ಕಂಬ ಎತ್ತದಿದ್ದರೆ ನಾವು ಇನ್ನೂ ಅಲ್ಲೇ ಇರುತ್ತಿದ್ದೆವೋ ಏನೋ. ಆದರೆ ಕೈಯಿಂದ ಗೇಟು ತೆರೆದ ಸಂಗತಿಯನ್ನು ಯಾರೂ ಎಲ್ಲಿಯೂ ಬರೆದುಕೊಳ್ಳಲಿಲ್ಲ. ಗಾಡಿ ಒಳಗಿದೆಯೋ ಇಲ್ಲವೋ ಎಂದು ಕಣ್ಣೆತ್ತಿ ನೋಡದೆ ಮರುದಿನ ಬೆಳಿಗ್ಗೆ ಲೆಕ್ಕ ಮುಚ್ಚಿದ್ದೀರಿ. ನಾನು ನಿಂತದ್ದು ಎರಡು ಗಂಟೆಯ ಒಳಗೆ. ಕೊಡಬೇಕಾದದ್ದು 60 ರೂಪಾಯಿ. ಉಳಿದ 480 ರೂಪಾಯಿ ನನ್ನದು.

ಇಷ್ಟೇ ಆಗಿದ್ದರೆ ಅರ್ಧ ಪುಟದಲ್ಲಿ ಬರೆದು ಮುಗಿಸುತ್ತಿದ್ದೆ. ನನ್ನ ನಿಜವಾದ ದೂರು ನಿಮ್ಮ ಹೆಸರಿನ ಮೇಲೆ.

ಜೂನ್ 3ರಂದು ಬ್ಯಾಂಕಿನ ಯಂತ್ರದಲ್ಲಿ ಪಾಸ್‌ಬುಕ್ ಮುದ್ರಿಸಿಕೊಂಡಾಗ ಮೂರು ಸಾಲುಗಳು ನನಗೆ ಅರ್ಥವಾಗಲಿಲ್ಲ. ಮೇ 6ಕ್ಕೆ 60, ಮೇ 7ಕ್ಕೆ 540, ಮೇ 19ಕ್ಕೆ 120 ರೂಪಾಯಿ. ಮೂರರ ಮುಂದೆಯೂ ಸ್ವರವೇ ಇಲ್ಲದ ಐದು ಇಂಗ್ಲಿಷ್ ಅಕ್ಷರಗಳ ಒಂದು ಗುಂಪು. ಅದರ ಹಿಂದೆ "ಪಿಕೆಜಿ ಬಿಎಲ್‌ಆರ್". ಬಿತ್ತನೆ ಬೀಜದ ಪೆಟ್ಟಿಗೆಗಳ ನಡುವೆ ಮೂವತ್ತು ವರ್ಷ ಕಳೆದ ನನಗೆ ಪಿಕೆಜಿ ಎಂದರೆ ಪ್ಯಾಕೇಜು. ಬಿಎಲ್‌ಆರ್ ಎಂದರೆ ಹಾಸನದ ಯಾರನ್ನು ಬೇಕಾದರೂ ಕೇಳಿ, ಬೇಲೂರು ಎನ್ನುತ್ತಾರೆ. ಬೇಲೂರಿನಿಂದ ಮೇ ತಿಂಗಳಿನಲ್ಲಿ ನನಗೆ ಪಾರ್ಸೆಲ್ ಬಂದಿದ್ದದ್ದೂ ನಿಜ. ಹಾಗಾಗಿ ಅಲ್ಲಿಯ ಲಾರಿ ಆಫೀಸಿನವರಿಗೆ ಫೋನು ಮಾಡಿ, ಬಾಡಿಗೆಯನ್ನು ನಗದು ಕೊಟ್ಟ ಮೇಲೂ ಖಾತೆಯಿಂದ ಹೇಗೆ ಎಳೆದುಕೊಂಡಿರಿ ಎಂದು ಕೇಳಿದೆ. ಕೇಳಿದೆ ಎನ್ನುವುದು ಮೃದುವಾದ ಮಾತು, ಜೋರಾಗಿಯೇ ಕೇಳಿದೆ. ಅವರು ಹದಿನಾಲ್ಕು ವರ್ಷದಿಂದ ನನ್ನ ಸರಕು ತಲುಪಿಸುತ್ತಿರುವವರು. "ಯಜಮಾನರೇ, ನಿಮ್ಮ ಖಾತೆ ನಂಬರು ನನಗೆ ಗೊತ್ತೇ ಇಲ್ಲವಲ್ಲ" ಎಂದಷ್ಟೇ ಹೇಳಿ ಫೋನು ಇಟ್ಟರು. ಆಮೇಲೆ ನಾನೇ ಬೇಲೂರಿಗೆ ಹೋಗಿ ಕ್ಷಮೆ ಕೇಳಿ ಬಂದಿದ್ದೇನೆ. ಅದರ ಬೆಲೆಯನ್ನು ಈ ಪತ್ರದಲ್ಲಿ ನಮೂದಿಸಲು ನನಗೆ ಬರುವುದಿಲ್ಲ.

ಬೇಲೂರಿನವರಲ್ಲದಿದ್ದರೆ ಕಳ್ಳರೇ ಇರಬೇಕು ಎಂದುಕೊಂಡು ಮರುದಿನ ಬ್ಯಾಂಕಿಗೆ ಓಡಿದೆ. ಅನಧಿಕೃತ ಎಲೆಕ್ಟ್ರಾನಿಕ್ ವ್ಯವಹಾರಗಳ ಬಗ್ಗೆ ರಿಸರ್ವ್ ಬ್ಯಾಂಕು 6 ಜುಲೈ 2017ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ, ಬ್ಯಾಂಕಿನದೂ ಗ್ರಾಹಕನದೂ ಅಲ್ಲದ ತಪ್ಪಿನಿಂದ ಹಣ ಹೋದರೆ, ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವನಿಗೆ ನಷ್ಟವಿಲ್ಲ. ತಡವಾದಷ್ಟೂ ಹೊಣೆ ಅವನ ತಲೆಗೆ ಬರುತ್ತದೆ. ನನ್ನ ವಿಷಯದಲ್ಲಿ ಸಂದೇಶಗಳು ಪುಣೆಯಲ್ಲಿರುವ ಮಗನ ಮೊಬೈಲಿಗೆ ಹೋಗಿವೆ. ಟ್ಯಾಗ್ ಕೊಂಡಾಗ ಅವನ ಸಂಖ್ಯೆ ಕೊಟ್ಟದ್ದು ನಮ್ಮ ತಪ್ಪು, ಒಪ್ಪುತ್ತೇನೆ. ಅವನೂ ನೋಡಿದ್ದಾನೆ, ಅಪ್ಪ ಏನೋ ಪ್ಯಾಕೇಜು ತರಿಸಿರಬೇಕು ಎಂದು ಸುಮ್ಮನಾಗಿದ್ದಾನೆ! ನಿಮ್ಮ ಆ ಆರು ಅಕ್ಷರಗಳು ಹಾಸನದಲ್ಲಿ ಮಾಡಿದ ಮೋಸವನ್ನೇ ಪುಣೆಯಲ್ಲೂ ಮಾಡಿವೆ.

ಹೆದರಿಕೆಯಲ್ಲಿ ಟ್ಯಾಗನ್ನು ಸ್ಥಗಿತಗೊಳಿಸಿದೆವು. ಜೂನ್ 5ರಂದು ಚನ್ನರಾಯಪಟ್ಟಣಕ್ಕೆ ಹೋಗಲೇಬೇಕಾಗಿ ಬಂತು; ಚಾಲ್ತಿಯಲ್ಲಿಲ್ಲದ ಟ್ಯಾಗಿಗೆ ಅಂದು ಇದ್ದ ನಿಯಮದಂತೆ ಶಾಂತಿಗ್ರಾಮದಲ್ಲಿ ಹೋಗುವಾಗಲೂ ಬರುವಾಗಲೂ ದುಪ್ಪಟ್ಟು ಸುಂಕ ತೆತ್ತೆ.

ಜೂನ್ 6ರಂದು ಬ್ಯಾಂಕಿನ ಅಧಿಕಾರಿಯೊಬ್ಬರು ಪುರುಸೊತ್ತು ಮಾಡಿಕೊಂಡು ಆ ಮೂರು ಸಾಲುಗಳನ್ನು ಕಂಪ್ಯೂಟರಿನಲ್ಲಿ ತೆಗೆದು ನೋಡಿದರು. ಪ್ರತಿ ವ್ಯವಹಾರದ ಜೊತೆ ವ್ಯಾಪಾರದ ಬಗೆ ತಿಳಿಸುವ ನಾಲ್ಕಂಕಿಯ ಸಂಕೇತವೊಂದು ಬರುತ್ತದಂತೆ. ರಸ್ತೆ ಮತ್ತು ಸೇತುವೆ ಸುಂಕಕ್ಕೆ 4784, ವಾಹನ ನಿಲುಗಡೆಗೆ 7523. ನಿಮ್ಮ ಮೂರೂ ಸಾಲುಗಳಿಗೆ ಇದ್ದದ್ದು 7523. ಇದು ಪಾರ್ಕಿಂಗ್ ಎಂದು ಯಂತ್ರಕ್ಕೆ ಮೊದಲ ದಿನದಿಂದಲೇ ಗೊತ್ತಿತ್ತು. ದುಡ್ಡು ಕೊಟ್ಟವನಿಗೆ ಗೊತ್ತಾಗಲು ಒಂದು ತಿಂಗಳು ಬೇಕಾಯಿತು. ಪಿಕೆಜಿ ಎಂದರೆ ಪಾರ್ಕಿಂಗ್, ಬಿಎಲ್‌ಆರ್ ಎಂದರೆ ಬೆಂಗಳೂರು ಎಂದು ಆ ಅಧಿಕಾರಿ ಹೇಳಿದಾಗ ಪಕ್ಕದ ಕೌಂಟರಿನವರೂ ನಕ್ಕರು. ನನಗೆ ನಗು ಬರಲಿಲ್ಲ.

ಮೂರರಲ್ಲಿ ಎರಡು ಸರಿಯಾಗಿಯೇ ಇದ್ದವು ಎಂಬುದನ್ನೂ ಹೇಳಿಬಿಡುತ್ತೇನೆ. 60 ರೂಪಾಯಿ ಕಣ್ಣಾಸ್ಪತ್ರೆಯ ಹತ್ತಿರ ಬೆಳಿಗ್ಗೆ ನಿಲ್ಲಿಸಿದ್ದಕ್ಕೆ. ಆ ಜಾಗದ ಗುತ್ತಿಗೆಯೂ ನಿಮ್ಮದೇ ಎಂದು ಈಗ ತಿಳಿಯಿತು. 120 ರೂಪಾಯಿ ನಮ್ಮ ಅಳಿಯಂದಿರು ಮದುವೆಗೆಂದು ಕಾರು ಒಯ್ದದ್ದಕ್ಕೆ. ಅವರು ಹೋದದ್ದು 17ರ ಶನಿವಾರ, ಪಾಸ್‌ಬುಕ್ಕಿನಲ್ಲಿ ಇರುವುದು 19ರ ಸೋಮವಾರ. ಗಾಡಿ ನಿಂತ ದಿನಾಂಕ ಬೇರೆ, ಹಣ ಹೋದ ದಿನಾಂಕ ಬೇರೆ ಆಗಿದ್ದರಿಂದ ಅವರನ್ನು ಕೇಳಿದಾಗ "ಸೋಮವಾರ ನಾನು ಕಚೇರಿಯಲ್ಲಿದ್ದೆ ಮಾವ" ಎಂದರು. ಅವರೂ ಸುಳ್ಳು ಹೇಳಲಿಲ್ಲ, ನಾನೂ ಸುಳ್ಳು ಕೇಳಲಿಲ್ಲ. ಆದರೂ ಮನೆಯಲ್ಲಿ ಎರಡು ದಿನ ಮಾತು ಕಡಿಮೆಯಾಗಿತ್ತು.

ನೀವು ಹೇಳಬಹುದು, ಬ್ಯಾಂಕಿನ ಸಾಲಿನಲ್ಲಿ ಜಾಗ ಕಡಿಮೆ, ಹೆಸರು ಮೊಟಕಾಗುವುದು ಅನಿವಾರ್ಯ ಎಂದು. ಅದೇ ಪಾಸ್‌ಬುಕ್ಕಿನ ಅದೇ ಪುಟದಲ್ಲಿ, ನಿಮ್ಮ ಸಾಲಿನ ನೇರ ಮೇಲೆ, "ಶಾಂತಿಗ್ರಾಮ" ಎಂದು ಪೂರ್ತಿ ಹೆಸರು ಮುದ್ರಣವಾಗಿದೆ. ಅದೇ ಟ್ಯಾಗ್, ಅದೇ ಬ್ಯಾಂಕು, ಅದೇ ಮುದ್ರಣ ಯಂತ್ರ. ಟೋಲಿನವರಿಗೆ ಸಾಧ್ಯವಾದದ್ದು ನಿಮಗೆ ಸಾಧ್ಯವಾಗದ್ದಕ್ಕೆ ಕಾರಣ ಒಂದೇ: ನೋಂದಣಿ ಮಾಡಿಸುವಾಗ ನೀವು ಕೊಟ್ಟ ಹೆಸರೇ ಹಾಗಿದೆ. ನಿಮ್ಮ ಕಟ್ಟಡದ ಮುಂದಿರುವ ದೊಡ್ಡ ಫಲಕದ ಮೇಲೆ ಇರುವುದು ಒಂದು ಹೆಸರು, ನನ್ನ ಖಾತೆಗೆ ಕೈ ಹಾಕುವಾಗ ಇನ್ನೊಂದು.

ನನ್ನ ಅಂಗಡಿಯ ಮಾತು ಹೇಳುತ್ತೇನೆ. 45 ಕೆ.ಜಿ.ಯ ಒಂದು ಚೀಲ ಬೇವು ಲೇಪಿತ ಯೂರಿಯಾಕ್ಕೆ 266 ರೂಪಾಯಿ 50 ಪೈಸೆ. ಅಷ್ಟು ಮಾರಲು ರೈತರ ಆಧಾರ್ ಸಂಖ್ಯೆ ಬೇಕು, ಪಿಒಎಸ್ ಯಂತ್ರದ ಮೇಲೆ ಅವರ ಬೆರಳಚ್ಚು ಬೇಕು, ಕೈಗೆ ಬಿಲ್ಲು ಕೊಡಬೇಕು. 1985ರ ರಸಗೊಬ್ಬರ ನಿಯಂತ್ರಣ ಆದೇಶದಂತೆ ದರವನ್ನೂ ದಾಸ್ತಾನನ್ನೂ ಎಲ್ಲರಿಗೆ ಕಾಣುವಂತೆ ಬರೆದು ಹಾಕಬೇಕು. ಬಿಲ್ಲಿನಲ್ಲಿ ನಾನು ಯೂರಿಯಾ ಎನ್ನುವ ಬದಲು ಮೂರು ವ್ಯಂಜನ ಬರೆದು, ಹಾಸನ ಎನ್ನುವ ಬದಲು ಇನ್ನು ಮೂರು ಬರೆದರೆ ಪರಿಶೀಲನೆಗೆ ಬಂದ ಅಧಿಕಾರಿ ನನ್ನ ಪರವಾನಗಿಯನ್ನು ಏನು ಮಾಡುತ್ತಾರೆಂದು ಬೇರೆ ಹೇಳಬೇಕಿಲ್ಲ. ನೀವು 266ರ ಎರಡರಷ್ಟು ತೆಗೆದುಕೊಂಡಿದ್ದೀರಿ. ಬಿಲ್ಲೂ ಇಲ್ಲ, ಹೆಸರೂ ಇಲ್ಲ.

ನಿಮ್ಮ ಸಹಾಯವಾಣಿಗೆ ಮೂರು ಸಲ ಫೋನು ಮಾಡಿದ್ದೇನೆ. ಮೂರೂ ಸಲ ಕೇಳಿದ್ದು ಟಿಕೆಟ್ ಸಂಖ್ಯೆ. ಫಾಸ್ಟ್ಯಾಗ್ ಗೇಟಿನಲ್ಲಿ ನೀವು ಟಿಕೆಟ್ ಕೊಡುವುದೇ ಇಲ್ಲವಲ್ಲ, ಎಂದೆ. ಹಾಗಿದ್ದರೆ ಬ್ಯಾಂಕನ್ನು ಕೇಳಿ ಎಂದರು. ಬ್ಯಾಂಕಿನವರು ವ್ಯಾಜ್ಯ ಅರ್ಜಿ ಪಡೆದು, ನಿಮ್ಮ ಒಳ-ಹೊರ ದಾಖಲೆ ಬಂದ ಮೇಲೆ ನೋಡೋಣ ಎಂದಿದ್ದಾರೆ. ಆಲೂಗಡ್ಡೆ ಬಿತ್ತನೆಯ ದಿನಗಳಲ್ಲಿ ಗಲ್ಲಾ ಬಿಟ್ಟು ಈ ಓಡಾಟ ಮಾಡುವುದು ಎಷ್ಟು ಕಷ್ಟವೆಂದು ನಿಮಗೆ ತಿಳಿಯದಿರಬಹುದು.

ಆದ್ದರಿಂದ 480 ರೂಪಾಯಿಯನ್ನೂ, ಟೋಲಿನಲ್ಲಿ ಹೆಚ್ಚಾಗಿ ತೆತ್ತ ಮೊತ್ತವನ್ನೂ ಖಾತೆಗೆ ಹಿಂದಿರುಗಿಸಬೇಕು. ಮೇ 6ರ ಮಧ್ಯಾಹ್ನ 3.45ರಿಂದ 4ರವರೆಗಿನ ಹೊರಗೇಟಿನ ಕ್ಯಾಮೆರಾ ದೃಶ್ಯವನ್ನು ಅಳಿಸದೆ ಇಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ನಿಮ್ಮ ನೋಂದಾಯಿತ ಹೆಸರಿನಲ್ಲಿ "ಪಾರ್ಕಿಂಗ್" ಎಂಬ ಪದವೂ "ಬೆಂಗಳೂರು" ಎಂಬ ಪದವೂ ಪೂರ್ತಿಯಾಗಿ ಇರಬೇಕು. 480 ನನಗೊಬ್ಬನಿಗೆ ಸಿಗುವ ಹಣ; ಹೆಸರು ಸರಿಯಾದರೆ ಬೇಲೂರಿನ ಲಾರಿ ಆಫೀಸಿನವರೂ ನೆಮ್ಮದಿಯಾಗಿ ಇರುತ್ತಾರೆ.

ಮೂವತ್ತು ದಿನಗಳೊಳಗೆ ಉತ್ತರ ಬಾರದಿದ್ದರೆ ಬ್ಯಾಂಕಿನ ವಿಷಯವನ್ನು ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೂ, ನಿಮ್ಮ ವಿಷಯವನ್ನು ಜಿಲ್ಲಾ ಗ್ರಾಹಕ ಆಯೋಗಕ್ಕೂ ಒಯ್ಯುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರುದಾರ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಇಷ್ಟು ಸಣ್ಣ ಮೊತ್ತಕ್ಕೆ ಶುಲ್ಕವೂ ಇಲ್ಲ. ಹಾಗಾಗಿ ನಾನು ಬೆಂಗಳೂರಿಗೆ ಬರಬೇಕಿಲ್ಲ. ನೀವು ಹಾಸನಕ್ಕೆ ಬರಬೇಕಾಗುತ್ತದೆ. ಹಾಸನಾಂಬೆಯ ದರ್ಶನದ ದಿನಗಳನ್ನು ಬಿಟ್ಟು ಬನ್ನಿ. ಆಗ ಊರಿನಲ್ಲಿ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ.

ಪಾಸ್‌ಬುಕ್ಕಿನ ಪುಟ, ಫಾಸ್ಟ್ಯಾಗ್ ವಿವರಪಟ್ಟಿ, ಜೂನ್ 5ರ ಎರಡು ಟೋಲ್ ರಸೀದಿಗಳು ಮತ್ತು ಬ್ಯಾಂಕು ಕೊಟ್ಟ ವ್ಯಾಜ್ಯ ಅರ್ಜಿಯ ಸ್ವೀಕೃತಿಯ ನಕಲುಗಳನ್ನು ಲಗತ್ತಿಸಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
(ಸಹಿ)