ಟಿಕೆಟಿನ ಗಡಿಯಾರವನ್ನು ನಂಬುವ ಮುನ್ನ

ಮೈಸೂರು

ಚಿ. ಸುಮಂತನಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನೀನು ಕಳುಹಿಸಿದ ಟಿಕೆಟನ್ನು ನೋಡಿದೆ. ಜನವರಿಯ ಆ ಸೋಮವಾರ ನಸುಕಿನ 3 ಗಂಟೆಗೆ ಬೆಂಗಳೂರು ಬಿಟ್ಟರೆ ಅದೇ ದಿನ ಮಧ್ಯಾಹ್ನ 1.30ಕ್ಕೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿರುತ್ತೇನೆ, ಹತ್ತೂವರೆ ಗಂಟೆಯ ಪ್ರಯಾಣವಷ್ಟೇ ಎಂದು ನಿನ್ನ ಅಮ್ಮನಿಗೆ ಹೇಳಿದೆಯಂತೆ. ಟಿಕೆಟಿನಲ್ಲಿ ಅಚ್ಚಾಗುವುದು ಆಯಾ ಊರಿನ ಸಮಯ. ಚಳಿಗಾಲದಲ್ಲಿ ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಹದಿಮೂರೂವರೆ ಗಂಟೆ ಹಿಂದಿರುವುದರಿಂದ ಅದನ್ನೂ ಕೂಡಿಸಿದರೆ ನಿನ್ನ ಪ್ರಯಾಣ ಪೂರ್ತಿ 24 ಗಂಟೆಯದು.

ಬೆಂಗಳೂರಿನಿಂದ ಅಲ್ಲಿಗೆ ನೇರ ದೂರ ಸುಮಾರು 14,000 ಕಿ.ಮೀ. ಗೋಡೆಗೆ ತೂಗುಹಾಕಿದ ನಕಾಶೆಯಲ್ಲಿ ಆ ದಾರಿ ಶಾಂತಸಾಗರದ ನಡುವೆ ಹಾದಂತೆ ಕಂಡರೂ, ಭೂಗೋಳದ ಮೇಲೆ ದಾರ ಎಳೆದು ನೋಡಿದರೆ ಅದು ಸೈಬೀರಿಯದ ಉತ್ತರದಂಚಿಗೆ ಏರಿ ಇಳಿಯುತ್ತದೆ. ನಿನ್ನದು ಫ್ರಾಂಕ್‌ಫರ್ಟ್ ಮೂಲಕ ಹೋಗುವ ಸುತ್ತುದಾರಿ: ಅಲ್ಲಿಯವರೆಗೆ ಸುಮಾರು 7,400 ಕಿ.ಮೀ., ಮುಂದೆ ಗ್ರೀನ್‌ಲ್ಯಾಂಡಿನ ಕಡೆಯಿಂದ 9,100 ಕಿ.ಮೀ.ಗೂ ಹೆಚ್ಚು. ಮರಳಿ ಬರುವಾಗ ಪಶ್ಚಿಮದಿಂದ ಬೀಸುವ ಮೇಲ್ಗಾಳಿ ವಿಮಾನವನ್ನು ಹಿಂದಿನಿಂದ ತಳ್ಳುವುದರಿಂದ ಸಾಮಾನ್ಯವಾಗಿ ಸ್ವಲ್ಪ ಬೇಗ ತಲುಪುತ್ತೀಯೆ. ಆದರೆ ತಾರೀಖು ಮಾತ್ರ ಮುಂದಕ್ಕೆ ಹಾರಿರುತ್ತದೆ. 2021ರಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಅವರ ಮಹಿಳಾ ಪೈಲಟ್‌ಗಳ ತಂಡ ಉತ್ತರ ಧ್ರುವದ ಮೇಲಿಂದ ಏರ್ ಇಂಡಿಯಾ ವಿಮಾನವನ್ನು ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ತಂದದ್ದು ನಿನಗೆ ನೆನಪಿರಬಹುದು. ಹಾರಿದ್ದು ಸುಮಾರು 17 ಗಂಟೆ. ಆದರೂ ಜನವರಿ 9ರ ರಾತ್ರಿ ಹೊರಟವರು ಇಳಿದದ್ದು 11ರ ನಸುಕಿನಲ್ಲಿ.

ಇನ್ನು ಮುಖ್ಯವಾದ ಮಾತು. ಸೋಮವಾರ ನಸುಕಿನ ವಿಮಾನವೆಂದರೆ ಭಾನುವಾರ ರಾತ್ರಿ 12ರೊಳಗೆ ದೇವನಹಳ್ಳಿಯಲ್ಲಿರಬೇಕು. ಇಲ್ಲಿಂದ ವಿಮಾನ ನಿಲ್ದಾಣಕ್ಕೆ ಹೋಗುವ ಫ್ಲೈ ಬಸ್ಸಿಗೆ 4 ಗಂಟೆಗೂ ಹೆಚ್ಚು ಹಿಡಿಯುವುದರಿಂದ ಭಾನುವಾರ ಸಂಜೆಯ ಸೀಟನ್ನೇ ಕಾಯ್ದಿರಿಸು. ಸೋಮವಾರ ಎಂದುಕೊಂಡು ಭಾನುವಾರ ರಾತ್ರಿ ಮನೆಯಲ್ಲಿ ನಿಶ್ಚಿಂತೆಯಿಂದ ಮಲಗಿ ವಿಮಾನ ತಪ್ಪಿಸಿಕೊಂಡವರಿದ್ದಾರೆ.

ಫ್ರಾಂಕ್‌ಫರ್ಟಿನಲ್ಲಿ ನಿನಗಿರುವುದು ಎರಡೂವರೆ ಗಂಟೆ. ಎರಡೂ ವಿಮಾನಗಳು ಒಂದೇ ಪಿಎನ್ಆರ್‌ನಲ್ಲಿ (ಬುಕಿಂಗ್ ಸಂಖ್ಯೆಯಲ್ಲಿ) ಇವೆಯೇ ಎಂದು ಇವತ್ತೇ ನೋಡು. ಹಾಗಿದ್ದರೆ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೂ ನಿನ್ನನ್ನು ಮುಂದಿನ ವಿಮಾನಕ್ಕೆ ಹತ್ತಿಸುವ ಹೊಣೆ ವಿಮಾನ ಸಂಸ್ಥೆಯವರದು. ಬೇರೆ ಬೇರೆ ಟಿಕೆಟಾದರೆ ಆ ಖರ್ಚು ನಿನ್ನ ತಲೆಯ ಮೇಲೆ. ಕೆಲವು ಸಾವಿರ ರೂಪಾಯಿ ಉಳಿಯುತ್ತದೆಂದು ಬಿಡಿ ಟಿಕೆಟು ಕೊಳ್ಳುವುದು ನನಗಂತೂ ಜಾಣತನವೆನಿಸುವುದಿಲ್ಲ.

ಇಳಿದ ದಿನವೇ ಬಾಡಿಗೆ ಮನೆಯ ಕರಾರಿಗೆ ಸಹಿ ಹಾಕುವುದನ್ನಾಗಲಿ, ಕಾಲೇಜಿನವರ ಭೇಟಿಯನ್ನಾಗಲಿ ಇಟ್ಟುಕೊಳ್ಳಬೇಡ. ಅಲ್ಲಿ ಮಧ್ಯಾಹ್ನವಾಗಿದ್ದರೂ ನಿನ್ನ ದೇಹಕ್ಕೆ ಅದು ನಡುರಾತ್ರಿ ಕಳೆದ ಹೊತ್ತು. ನೀನು ಇಳಿಯುವಾಗ ನಿನ್ನ ಅಮ್ಮನಿಗೆ ಮಂಗಳವಾರ ನಸುಕಿನ 3 ಗಂಟೆ; ಇಮಿಗ್ರೇಶನ್ ಮುಗಿಯಲು ಇನ್ನೂ ಒಂದೆರಡು ಗಂಟೆ ಬೇಕಾಗಬಹುದು. ಆದ್ದರಿಂದ ಸೋಮವಾರ ಮಧ್ಯಾಹ್ನದಿಂದಲೇ ಫೋನಿಗೆ ಕಾಯುತ್ತಾ ಅವಳು ಗಾಬರಿಯಾಗದಂತೆ, ನಮ್ಮ ಸಮಯದ ಲೆಕ್ಕದಲ್ಲಿ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಅವಳ ಕೈಗೆ ಕೊಟ್ಟು ಹೊರಡು.

ಇಂತಿ,
ನಿನ್ನ ದೊಡ್ಡಪ್ಪ