ನೀವು ನೆಟ್ಟ ರಾಯಲ್ ಪಾಮ್ ಸತ್ತಿದೆ, ದುಡ್ಡು ವಾಪಸ್ ಕೊಡಿ

ನರ್ಸರಿ ಮಾಲೀಕರಿಗೆ ನಮಸ್ಕಾರ ರೀ,

ನಿನ್ನೆ ವಾಟ್ಸಾಪ್‌ನಲ್ಲಿ ನೀವು ಕಳಿಸಿದ ಉತ್ತರ ಓದಿದೆ. "ನೀರು ಜಾಸ್ತಿ ಆಗಿದೆ, ಸ್ವಲ್ಪ ಕಾಯಿರಿ, ಬುಡದಿಂದ ಚಿಗುರುತ್ತದೆ" ಅಂತ ಬರೆದಿದ್ದೀರಿ. ಅಲ್ರೀ, ಗಿಡ ಮಾರುವವರೇ ಹೀಗೆ ಹೇಳಿದರೆ ಹೇಗೆ? ರಾಯಲ್ ಪಾಮ್‌ಗೆ ತೆಂಗಿನಂತೆಯೇ ಇರುವುದು ಒಂದೇ ಸುಳಿ. ಅದು ಹೋದರೆ ಮರ ಹೋಯಿತು, ಬೇವು ಹುಣಸೆಯ ಹಾಗೆ ಬೊಡ್ಡೆಯಿಂದ ಮತ್ತೆ ಚಿಗುರುವುದಿಲ್ಲ. ಮೊನ್ನೆ ಏಣಿ ಹಾಕಿಸಿ ನೋಡಿಸಿದೆ. ಸುಳಿಗರಿ ಹಿಡಿದು ಮೆಲ್ಲಗೆ ಎಳೆದರೆ ಕೈಗೇ ಬಂತು, ತಳ ಕೊಳೆತು ನಾರುತ್ತಿತ್ತು. ವಿಡಿಯೊ ಕಳಿಸಿದ್ದೇನೆ, ನೀವು ನೋಡಿದ್ದೀರಿ ಅಂತ ನೀಲಿ ಗೆರೆಯೂ ಬಂದಿದೆ.

ಹದಿನೈದು ಅಡಿ ಕಾಂಡದ ಮರ. ಮರ, ಲಾರಿ, ಕ್ರೇನ್, ನೆಡುವ ಕೂಲಿ ಎಲ್ಲ ಸೇರಿ 38 ಸಾವಿರ ತೆಗೆದುಕೊಂಡಿರಿ. ಮಳೆ ಹಿಡಿದ ಮೇಲೆ ಜೂನ್‌ನಲ್ಲಿ ತನ್ನಿ ಎಂದಿದ್ದೆ, ನಿಮ್ಮ ಜಾಗ ಖಾಲಿ ಮಾಡಬೇಕು ಅಂತ ಬಿರುಬಿಸಿಲಲ್ಲೇ ತಂದಿರಿ. ಹೋಗಲಿ. ಆದರೆ ಲಾರಿಯಿಂದ ಇಳಿಸಿದಾಗ ಬೇರಿನ ಸುತ್ತ ಎರಡು ಬಕೆಟ್ ಮಣ್ಣೂ ಇರಲಿಲ್ಲ, ಒದ್ದೆ ಗೋಣಿ ಸುತ್ತಿರಲಿಲ್ಲ, ಬೇರುಗಳನ್ನು ಬುಡದಿಂದ ಗೇಣುದ್ದಕ್ಕೆ ಕತ್ತರಿಸಿ ಹಾಕಿದ್ದರು. ಈ ಜಾತಿಯಲ್ಲಿ ಅಷ್ಟು ಗಿಡ್ಡ ಮಾಡಿದ ಬೇರು ಹೆಚ್ಚಾಗಿ ಸತ್ತೇ ಹೋಗುತ್ತದೆ, ಅದಕ್ಕೇ ಮಣ್ಣಿನ ಹೆಂಟೆ ದೊಡ್ಡದಿರಬೇಕು. ಗರಿಗಳನ್ನೂ ಕಡಿಮೆ ಮಾಡಿರಲಿಲ್ಲ, ಕಟ್ಟಿಯೂ ಇರಲಿಲ್ಲ. ದಾರಿಯುದ್ದಕ್ಕೂ ಗಾಳಿಗೆ ಬಡಿದುಕೊಂಡು ಬಂದಿವೆ.

ಆಮೇಲೆ ಬರೀ ಕಾಂಡಕ್ಕೇ ಕಬ್ಬಿಣದ ಸರಪಳಿ ಬಿಗಿದು ಎತ್ತಿದರು. ಬೆಲ್ಟ್ ಇಲ್ಲವೇ ಎಂದು ಕೇಳಿದರೆ ನಿಮ್ಮ ಸೂಪರ್‌ವೈಸರ್ ನಕ್ಕ. ಊರುಗೋಲು ಕೊಟ್ಟಿದ್ದಂತೂ ಕಾಂಡಕ್ಕೇ ಮೊಳೆ ಹೊಡೆದು! ಪಾಮ್ ಮರದ ಗಾಯ ಮಾಯುವುದಿಲ್ಲ, ಮಾವಿನ ಹಾಗೆ ಹೊಸ ತೊಗಟೆ ಬಂದು ಮುಚ್ಚುವುದಿಲ್ಲ. ಕೆಂಪು ಮೂತಿ ಹುಳಕ್ಕೆ ಮೊಟ್ಟೆ ಇಡಲು ಇಂಥ ಜಾಗವೇ ಬೇಕು.

ಇದೆಲ್ಲಕ್ಕಿಂತ ದೊಡ್ಡ ತಪ್ಪು ಗುಂಡಿಯದು. ಜೆಸಿಬಿಯವನು ಬೇಕಾದ್ದಕ್ಕಿಂತ ಎರಡಡಿ ಆಳ ತೋಡಿಬಿಟ್ಟ. ತಳಕ್ಕೆ ಮಣ್ಣು ತುಂಬಿ ಗಟ್ಟಿ ಮಾಡಿ ಆಮೇಲೆ ಇಳಿಸಿ ಎಂದೆ, ಆದರೆ ಕ್ರೇನ್ ಬಾಡಿಗೆ ಗಂಟೆಗಿಷ್ಟು ಅಂತ ಓಡುತ್ತಿತ್ತಲ್ಲ, "ಆಳ ಇದ್ದರೆ ಗಾಳಿಗೆ ಬೀಳಲ್ಲ ಬಿಡ್ರಿ" ಅಂತ ಹಾಗೇ ಹೂತರು. ನಮ್ಮದು ಎರೆ ಮಣ್ಣು. ಗದಗ ರಸ್ತೆ ಕಡೆ ಮಣ್ಣು ಹೇಗೆಂದು ನಿಮಗೆ ಗೊತ್ತಿಲ್ಲವೇ? ನೀರು ಇಂಗುವುದಿಲ್ಲ, ಆಳದಲ್ಲಿ ಬೇರಿಗೆ ಗಾಳಿಯೂ ಸಿಗುವುದಿಲ್ಲ. ಇನ್ನು ನೀರು ಜಾಸ್ತಿ ಆಯ್ತು ಅಂತೀರಿ. ಯಾವಾಗ ಎಷ್ಟು ಕೊಡ ಹಾಕಬೇಕು ಅಂತ ಬಿಲ್ಲಿನ ಹಿಂದೆ ಬರೆದುಕೊಟ್ಟವರು ನೀವೇ. ಅಷ್ಟೇ ಹಾಕಿದ್ದೇವೆ. ಆ ಬಿಲ್ಲು ನನ್ನ ಹತ್ತಿರ ಇದೆ, "ಒಂದು ವರ್ಷ ಗ್ಯಾರಂಟಿ" ಅಂತ ಹೊಡೆದ ನಿಮ್ಮ ಸೀಲೂ ಇದೆ.

ಅದೇ ಜನ ಬಂದು ನೆಡುವ ಇನ್ನೊಂದು ಮರ ನನಗೆ ಬೇಡ. ಪೂರ್ತಿ 38 ಸಾವಿರ ವಾಪಸ್ ಕೊಡಿ, ಒಣಗಿದ ಮರವನ್ನು ನಿಮ್ಮ ಖರ್ಚಿನಲ್ಲೇ ತೆಗೆಸಿ. ಅದು ಕಾಂಪೌಂಡಿಗೆ ಹತ್ತಿಕೊಂಡೇ ಇದೆ, ಆಚೆ ಮಕ್ಕಳು ಸ್ಕೂಲ್ ಬಸ್ಸಿಗೆ ನಿಲ್ಲುತ್ತಾರೆ. ಹದಿನೈದು ದಿನ ನೋಡುತ್ತೇನೆ. ಆಮೇಲೆ ಧಾರವಾಡದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ, 5 ಲಕ್ಷದವರೆಗಿನ ದೂರಿಗೆ ಅಲ್ಲಿ ಶುಲ್ಕವೂ ಇಲ್ಲ.

ಮರ ತೆಗೆಯಲು ಬರುವ ಹಿಂದಿನ ದಿನ ಫೋನ್ ಮಾಡಿ. ಗೇಟಿನ ಮುಂದಿನ ಕಾರು ತೆಗೆಸಬೇಕು.

ಇಂತಿ,
ನಿಮ್ಮ ಗ್ರಾಹಕ
ಗದಗ ರಸ್ತೆ, ಹುಬ್ಬಳ್ಳಿ