ಬೇಲಿಗೊಂದು ಕಂಡಿ

ನಮ್ಮ ಸಂಘದ ಪತ್ರಿಕೆಯ ಸಂಚಿಕೆ ನಾಳೆ ಹೋಗಬೇಕು. ಯುಗಾದಿ ಬಗ್ಗೆ ಬರೆಯೋಣ ಅಂತ ಕೂತಿದ್ದೆ. ಅಷ್ಟರಲ್ಲಿ ಮಗಳು ಬಂದಳು. “ಅಮ್ಮಾ, ನಮ್ಮ ಬೇಲಿಗೆ ಬಾಗಿಲೇ ಇಲ್ವಲ್ಲ, ಹೆಡ್ಜ್‌ಹಾಗ್ ಹೇಗೆ ಒಳಗೆ ಬರುತ್ತೆ?” ಹೆಡ್ಜ್‌ಹಾಗ್ ಅಂದರೆ ಮೈತುಂಬ ಮುಳ್ಳಿರುವ ಪುಟ್ಟ ಪ್ರಾಣಿ.

ಅಜ್ಜಿಯ ಹಿತ್ತಲು ಕಣ್ಮುಂದೆ ಬಂತು. ಹಾಸನದ ಕಡೆಯ ಹಳ್ಳಿ. ದಾಸವಾಳ, ಕಳ್ಳಿ ಹೆಣೆದುಕೊಂಡ ಬೇಲಿ. ಬಟ್ಟೆ ಒಗೆಯೋ ಕಲ್ಲಿನ ಹಿಂದೆ, ಬೇಲಿ ಬುಡದಲ್ಲಿ ಒಂದು ಕಂಡಿ. ದಿನಾ ಹನ್ನೊಂದರ ಹೊತ್ತಿಗೆ ಅಲ್ಲಿಂದ ಮುಂಗುಸಿ ಬರುತ್ತಿತ್ತು. ಮೊದಲು ಮೂತಿ, ಆಮೇಲೆ ಕೆಂಪು ಕಣ್ಣು. ಒಂದು ಸಲ ಹಿಂದೆಯೇ ಮೂರು ಮರಿ, ಒಂದರ ಬಾಲಕ್ಕೆ ಒಂದು ಅಂಟಿಕೊಂಡು. ಕೋಳಿಮರಿ ಹೋಯಿತು ಅಂತ ಮಾವ ಸಿಟ್ಟಿನಲ್ಲಿ ಕಂಡಿಗೆ ಜಾಲಿಮುಳ್ಳು ತುರುಕಿದರು. ಅಜ್ಜಿ ಮಾತಾಡಲಿಲ್ಲ. ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಕೋಲಿನಿಂದ ಮುಳ್ಳು ಎಳೆದು ಹಾಕಿದಳು. “ಅದು ಓಡಾಡೋ ದಾರಿ ಕಣೇ. ಕೋಳಿಮರೀನ ಬುಟ್ಟಿ ಕೆಳಗೆ ಮುಚ್ಚಿದರಾಯ್ತು.” ಅವತ್ತಿನಿಂದ ಕೋಳಿಮರಿಗಳು ಬುಟ್ಟಿ ಕೆಳಗೆ.

ಇಲ್ಲಿ ಇಂಗ್ಲೆಂಡಿನಲ್ಲಿ ನಮ್ಮ ಹಿತ್ತಲಿಗೆಲ್ಲ ನಾಲ್ಕೂ ಕಡೆ ಹಲಗೆ, ನೆಲಕ್ಕೆ ಅಂಟಿಕೊಂಡ ಹಾಗೆ. ಹೆಡ್ಜ್‌ಹಾಗ್ ಒಂದು ರಾತ್ರಿಗೆ ಒಂದೆರಡು ಕಿಲೋಮೀಟರ್ ತಿರುಗುತ್ತದೆ. ಚಳಿಗಾಲವಿಡೀ ಮಲಗಿ, ಮಾರ್ಚ್-ಏಪ್ರಿಲ್‌ನಲ್ಲಿ ಹಸಿದು ಏಳುತ್ತದೆ. 2020ರಲ್ಲಿ ಅದನ್ನು ಬ್ರಿಟನ್ನಿನ ಕೆಂಪು ಪಟ್ಟಿಗೆ, ಅಂದರೆ ಅಳಿವಿನ ಭೀತಿಯಲ್ಲಿರುವ ಪ್ರಾಣಿಗಳ ಪಟ್ಟಿಗೆ, ಸೇರಿಸಿದ್ದಾರೆ. ಅದಕ್ಕೆ ಬೇಕಾಗಿರುವುದು 13 ಸೆಂಟಿಮೀಟರ್ ಅಗಲ, ಅಷ್ಟೇ ಎತ್ತರದ ಕಂಡಿ. ಪಕ್ಕದ ಮನೆಯವರನ್ನು ಕೇಳಿಕೊಂಡು ಭಾನುವಾರ ಕೊಯ್ದೆವು. ಮಗಳು ಅಳತೆಪಟ್ಟಿ ಹಿಡಿದಳು. ಈಗ ಕಂಡಿ ಮುಂದೆ ಅಕ್ಕಿಹಿಟ್ಟು ಉದುರಿಸಿ, ಹೆಜ್ಜೆ ಬಿತ್ತಾ ಅಂತ ದಿನಾ ಬೆಳಿಗ್ಗೆ ನೋಡುತ್ತಾಳೆ. ಇನ್ನೂ ಬಿದ್ದಿಲ್ಲ.

ನೀವೂ ಕೊಯ್ಯಿರಿ. ಹಾಲು ಮಾತ್ರ ಇಡಬೇಡಿ, ಅದರ ಹೊಟ್ಟೆ ಕೆಡುತ್ತದೆ. ತಟ್ಟೆಯಲ್ಲಿ ನೀರು ಸಾಕು. ಸ್ಲಗ್ (ಚಿಪ್ಪಿಲ್ಲದ ಬಸವನಹುಳು) ಸಾಯಿಸುವ ಮೆಟಾಲ್ಡಿಹೈಡ್ ಎಂಬ ವಿಷದ ಗುಳಿಗೆ 2022ರಿಂದ ಇಲ್ಲಿ ನಿಷೇಧ. ಶೆಡ್ಡಿನಲ್ಲಿ ಹಳೇ ಡಬ್ಬಿ ಉಳಿದಿದ್ದರೆ ಮುಟ್ಟಬೇಡಿ. ಹುಲ್ಲಿನಲ್ಲಿ ಡ್ಯಾಂಡಿಲಿಯನ್ ಅನ್ನೋ ಹಳದಿ ಹೂವು ಅರಳಿದರೆ ಇರಲಿ ಬಿಡಿ. ಈಗಷ್ಟೇ ಎದ್ದ ದುಂಬಿರಾಣಿಗೆ ಅದೂ ಊಟವೇ ಅಲ್ವಾ?

ಜಾಗ ಮುಗಿಯುತ್ತಿದೆ, ಬೇಗ ಹೇಳಿಬಿಡುತ್ತೇನೆ. ಯುಗಾದಿ ಊಟ ಶನಿವಾರ 12 ಗಂಟೆಗೆ, ಅದೇ ಹಾಲ್. ಒಬ್ಬಟ್ಟು ಸಂಘದ್ದು, ಕೋಸಂಬರಿ ನಿಮ್ಮದು. ಬೇವಿನ ಎಲೆ ಎಲ್ಲಾದರೂ ಸಿಕ್ಕರೆ ತಿಳಿಸಿ. ಕನ್ನಡ ತರಗತಿ ಈಸ್ಟರ್ ರಜೆ ಮುಗಿದ ಮೇಲೆ. ಸದಸ್ಯತ್ವದ ಹಣ ತಿಂಗಳ ಕೊನೆಯೊಳಗೆ. ಹಾಲ್ ಹಿಂದಿನ ಬೇಲಿಗೂ ಕಂಡಿ ಕೊಯ್ಯಲು ಒಪ್ಪಿದ್ದಾರೆ, ಗರಗಸ ಇರುವವರು ತನ್ನಿ. ಮತ್ತೆ, ಮೂರು ಸಂಚಿಕೆಯಿಂದ ಟೈಪಿಂಗ್, ತಿದ್ದುವುದು ಎಲ್ಲ ನಾನೊಬ್ಬಳೇ. ಕಣ್ಣು ಸೋತಿದೆ. ತಿಂಗಳಿಗೆ ಎರಡು ಸಂಜೆ ಕೊಡಬಲ್ಲವರು ಯಾರಾದರೂ ಇದ್ದೀರಾ? ಶನಿವಾರ ಬಾಗಿಲ ಹತ್ತಿರ ಟಿಕೆಟ್ ಮೇಜಿನಲ್ಲಿ ಇರುತ್ತೇನೆ, ಬಂದು ಮಾತಾಡಿಸಿ.